ದಿಂಬಿನೊಳಗಿನ ಮದುವೆ ದುಡ್ಡು

ದರ್ಜಿಯಮ್ಮ ದಿಂಬಿನ ಹೊಲಿಗೆ ಬಿಚ್ಚಿ ಒಳಗೆ ಕೈ ಹಾಕಿದಳು. ಹತ್ತಿ. ಬರೀ ಹತ್ತಿ! ಮೂರು ದಿನದ ಹಿಂದೆ ತಾನೇ ಒಳಗಿಟ್ಟು ಹೊಲಿದಿದ್ದ ನಲವತ್ತು ಸಾವಿರ ಮಾಯ!

ಐದು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಮಹಿಳಾ ಸಂಘದಲ್ಲಿ ಉಳಿಸಿದ ದುಡ್ಡು. ಸಂಘದಲ್ಲೊಂದು ಪದ್ಧತಿ— ಯಾತಕ್ಕೆ ಉಳಿಸುತ್ತೀರೆಂದು ಎಲ್ಲರೆದುರು ಹೇಳಿ ಬರೆಸಬೇಕು. ಅವಳು ಬರೆಸಿದ್ದು 'ಮಗಳ ಮದುವೆಗೆ' ಎಂದು. ಮದುವೆಗೆ ಎಂದರೆ ಗಂಡ ತಂಟೆಗೆ ಬರುವುದಿಲ್ಲ. ಓದಿಗೆ ಎಂದರೆ ರಂಪ ಮಾಡಿ ಕಿತ್ತುಕೊಳ್ಳುತ್ತಾನೆ. ನಿಜವಾಗಿ ಅದು, ಮಗಳು ಸೀಟು ಸಿಕ್ಕಿಯೂ ದುಡ್ಡಿಲ್ಲವೆಂದು ಆಸೆ ಬಿಟ್ಟಿದ್ದ ನರ್ಸಿಂಗ್ ಕಾಲೇಜಿನ ಫೀಸು. ಕಟ್ಟಲು ನಾಳೆಯೇ ಕಡೆಯ ದಿನ. ಈ ಗುಟ್ಟನ್ನು ಅವಳು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ, ಮಗಳ ಹತ್ತಿರವೂ.

ಅವಳ ಕೂಗು ಕೇಳಿ ಸಂಘದ ಕಾರ್ಯದರ್ಶಿ ಓಡಿಬಂದಳು. ಪೊಲೀಸ್ ಕೆಲಸದಿಂದ ನಿವೃತ್ತಳಾದ ಅವಳನ್ನು ಎಲ್ಲರೂ ಕರೆಯುವುದು ಲಾಠಿಯಕ್ಕ ಎಂದೇ.

"ಕೇಳೋದೇನಿದೆ ಅಕ್ಕಾ? ಈ ಮಹಾಶಯನದೇ ಕೆಲಸ!" ದರ್ಜಿಯಮ್ಮ ಗಂಡನ ಕಡೆ ಕೈ ತೋರಿಸಿದಳು. ಅವನು ಕುಡಿದು, ಹೊಸ ಶೂ ಹಾಕಿಕೊಂಡೇ ಮಂಚದ ಮೇಲೆ ಬಿದ್ದಿದ್ದ.

"ಏನಯ್ಯಾ, ಕುಡಿಯೋಕೆ ದುಡ್ಡೆಲ್ಲಿಂದ ಬಂತು?" ಲಾಠಿಯಕ್ಕ ಕೇಳಿದಳು.

"ಜೇಬಲ್ಲಿತ್ತು."

"ಯಾರ ಜೇಬಲ್ಲಿ?"

"ನಂದೇ ಶರ್ಟು, ನಂದೇ ಜೇಬು. ಮೊನ್ನೆ ಕೈ ಹಾಕ್ದೆ, ಕಂತೆ ಸಿಕ್ತು. ಯಾಕೆ ಬಿಡ್ಲಿ?"

"ಉಳಿದಿರೋದು ಎಷ್ಟು?"

"ಸಾಲ ಕೊಟ್ಟೋರು ಬಿಡ್ತಾರಾ? ಮಿಕ್ಕಿದ್ದು ಇಸ್ಪೀಟಲ್ಲಿ ಹೋಯ್ತು."

"ಥೂ, ಸುಳ್ಳಿಗೂ ಒಂದು ಮಿತಿ ಬೇಡ್ವಾ?" ದರ್ಜಿಯಮ್ಮ ಕಿರುಚಿದಳು.

ಲಾಠಿಯಕ್ಕ ಮೂಲೆಯಲ್ಲಿ ಕೂತಿದ್ದ ದರ್ಜಿಯಮ್ಮನ ಅತ್ತೆಯ ಕಡೆ ತಿರುಗಿದಳು. "ಅಜ್ಜೀ, ನೀವೇನಾದ್ರೂ—?"

"ಅಯ್ಯೋ, ಎದುರಿಗೆ ನಿಂತೋರೇ ಕಾಣಲ್ಲ ನಂಗೆ. ಬಂದ್ಬಿಟ್ಲು ಕೇಳೋಕೆ!"

ಲಾಠಿಯಕ್ಕ ದಿಂಬನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ನೀನು ಬಿಚ್ಚೋ ಮುಂಚೆ ಹೊಲಿಗೆ ಹೇಗಿತ್ತು?"

"ನೆಟ್ಟಗೇ ಇತ್ತಲ್ಲ ಅಕ್ಕಾ. ಅನುಮಾನಾನೇ ಬರ್ಲಿಲ್ಲ."

"ಅಲ್ಲೇ ನೀನು ಎಡವಿದ್ದು. ಕುಡುಕ ದಿಂಬು ಹರಿದು ಬಿಸಾಕ್ತಾನೆ. ಕೂತ್ಕೊಂಡು ವಾಪಸ್ ಹೊಲೀತಾನಾ? ನೀನು ಬಿಚ್ಚದೆ ಬಿಟ್ಟ ಈ ಮೂಲೆ ನೋಡು. ಹಳೇ ತೂತುಗಳ ಪಕ್ಕದಲ್ಲೇ ಇನ್ನೊಂದು ಸಾಲು. ಥೇಟ್ ನಿನ್ನ ಹಾಗೇ, ಕೊನೇಲಿ ಎರಡು ಸಲ ಹಿಂದಕ್ಕೆ ಹೊಲಿಗೆ ಹಾಕಿ ಮುಗಿಸಿದ್ದು. ನಿನ್ನ ಗಂಡ ಜನ್ಮದಲ್ಲಿ ಒಂದ್ಸಲ ನಿಜ ಹೇಳಿದಾನೆ ಕಣಮ್ಮ. ಜೇಬಿಗೆ ಬೇರೆಯವರು ಹಾಕಿದಾರೆ. ಈ ಮನೇಲಿ ನಿನ್ನ ಹತ್ರ ಹೊಲಿಗೆ ಕಲ್ತೋರು ಯಾರು?"

ಎಲ್ಲರೂ ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ನೋಡಿದರು.

"ಹೌದು, ನಾನೇ," ಎಂದಳು ಅವಳು. "ನೀನು ಮದುವೆ ದುಡ್ಡು ದಿಂಬಲ್ಲಿಟ್ಟು ಹೊಲಿಯೋದು ನೋಡಿದ್ದೆ. ಅಪ್ಪನ ಜೇಬು ಸೇರಿದ್ರೆ ವಾಪಸ್ ಬರಲ್ಲ ಅಂತ ಗೊತ್ತಿತ್ತು. ದುಡ್ಡಿಲ್ದಿದ್ರೆ ಮದುವೇನೂ ಇಲ್ಲ ಅಲ್ವಾ? ಓದಿಸೋಕೆ ಕಾಸಿಲ್ಲ, ಸಾಗಹಾಕೋಕೆ ಮಾತ್ರ ಇದೆ— ಅಲ್ವೇನಮ್ಮಾ?"

ದರ್ಜಿಯಮ್ಮನಿಗೆ ಸಿಟ್ಟು ಯಾರ ಮೇಲೆ ಮಾಡಬೇಕೆಂದೇ ತಿಳಿಯಲಿಲ್ಲ.

"ಅದು ನಿನ್ನ ಕಾಲೇಜಿನ ಫೀಸು ಕಣೇ."

ಮಗಳ ಮುಖ ಬಿಳಿಚಿಕೊಂಡಿತು. "ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಿನ್ನ ಮುಖ ಅರಳ್ತಿತ್ತು. ನಿಮ್ಮಪ್ಪಂಗೆ ಗೊತ್ತಾಗೋಕೆ ಅಷ್ಟು ಸಾಕಿತ್ತು."