ಅಪ್ಪ ಮಾರಿದ ಹೀಟರ್‌ಗಳು

"ಮುಟ್ಬೇಡಿ! ಕೈ ತೆಗೀರಿ ಅದರಿಂದ!"

ಆ ಕೂಗಿಗೆ ಇಂಪನಾ ಬೆಚ್ಚಿಬಿದ್ದಳು. ಬಿಳಿಗೆರೆಯ ಕಲ್ಲಮ್ಮನ ಬಚ್ಚಲುಮನೆ ಬಾಗಿಲಲ್ಲಿ ಯುವಕನೊಬ್ಬ ನಿಂತಿದ್ದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಕರೆಂಟ್‌ಗೆ ಹಾಕಿಲ್ಲ ಕಣ್ರೀ... ನೋಡಿ," ಎಂದು ಅವಳು ವೈರಿನ ತುದಿ ಎತ್ತಿ ತೋರಿಸಿದಳು.

ಅವಳ ಕೈಯಲ್ಲಿದ್ದದ್ದು ನೀರು ಕಾಯಿಸುವ ಹಳೇ ಹೀಟರ್. ಎರಡು ತಗಡು, ನಡುವೆ ಮರದ ತುಂಡು, ಒಂದು ವೈರು, ಅಷ್ಟೇ. ಬಕೆಟ್ಟಿಗೆ ಇಳಿಬಿಟ್ಟು ಸ್ವಿಚ್ ಹಾಕಿದರೆ ಕರೆಂಟು ನೀರಿನಲ್ಲೇ ಹರಿಯುತ್ತಿತ್ತು.

ಯುವಕ ಗೋಡೆಗೊರಗಿ ಕುಸಿದು ಕೂತ.

"ಪಕ್ಕದ್ಮನೆ ಉಜ್ವಲ್ ಕಣವ್ವಾ," ಕಲ್ಲಮ್ಮ ದನಿ ತಗ್ಗಿಸಿದಳು. "ಅವ್ರವ್ವ ಇಂಥದ್ರಲ್ಲೇ ಹೋಗಿದ್ದು. ಎರಡು ವರ್ಷ ಆಯ್ತು."

ಇಂಪನಾ ಹೀಟರನ್ನು ಮೆಲ್ಲಗೆ ನೆಲಕ್ಕಿಟ್ಟಳು.

ತಿಪಟೂರಿನಲ್ಲಿ ಆ ಹೀಟರ್‌ಗಳನ್ನು ಮಾಡಿ ಮಾರಿದ್ದು ಅವಳ ಅಪ್ಪ, ತೋಂಟದಾರ್ಯ. ಬಿಳಿಗೆರೆಯಲ್ಲಿ ಒಬ್ಬ ಹೆಂಗಸು ಸತ್ತ ಸುದ್ದಿ ಬಂದ ದಿನ ಅವರು ಕೆಲಸ ನಿಲ್ಲಿಸಿದರು. ಸಾಯುವ ಮುಂಚೆ, "ಮಾರಿದ್ದನ್ನೆಲ್ಲಾ ಹುಡುಕಿ ಬಿಚ್ಚಾಕು ಮಗಳೇ," ಎಂದಿದ್ದರು.

*ಈಗಲೇ ಹೇಳಿಬಿಡಲಾ?...* "ಇಂಥವನ್ನೆಲ್ಲಾ ಹುಡುಕಿ ಬಿಚ್ಚಾಕ್ತಿದ್ದೀನಿ," ಎಂದಷ್ಟೇ ಅಂದಳು.

"ಯಾರ್ಯಾರ ಮನೇಲಿದೆ ಅಂತ ನಂಗೊತ್ತು," ಉಜ್ವಲ್ ಎದ್ದು ನಿಂತ. "ನಾನೂ ಬತ್ತೀನಿ."

ವಾರಕ್ಕೆರಡು ದಿನ ಇಬ್ಬರೂ ಊರೂರು ತಿರುಗಿದರು. ಅವಳು ಸ್ಕ್ರೂ ಬಿಚ್ಚಿ ವೈರು ಕತ್ತರಿಸುತ್ತಿದ್ದಳು. ಅವನು ಮರದ ತುಂಡನ್ನು ಸೀಳಿ, ತಗಡನ್ನು ಬಡಿದು ಮುದುರುತ್ತಿದ್ದ. ಮಾತು ಕಡಿಮೆ. ಒಂದು ದಿನ ಅವಳ ಡಬ್ಬಿಯ ಚಿತ್ರಾನ್ನದಲ್ಲಿ ಪಾಲು ಕೇಳಿ ತಾನೇ ನಕ್ಕ.

"ಅವ್ವ ಹೋದ್ಮೇಲೆ ಇವತ್ತೇ ನಕ್ಕಿದ್ದು ಕಣೇ..."

ಆ 'ಕಣೇ'ಗೆ ಅವಳ ಕಣ್ಣು ತುಂಬಿತು. ಇಬ್ಬರಲ್ಲೂ ಪ್ರೀತಿ ಹುಟ್ಟಿತ್ತು. ಅವಳಲ್ಲಿ, ಅವನಿಗೆ ನಿಜ ತಿಳಿದೀತೆಂಬ ಭಯವೂ!

ಹಾಲ್ಕುರಿಕೆಯ ಶ್ರೀರಂಗಯ್ಯ ಹೀಟರ್ ತಂದುಕೊಡುತ್ತಾ ಅವಳನ್ನೇ ದಿಟ್ಟಿಸಿದರು. "ನೀನು ತೋಂಟದಾರ್ಯನ ಮಗಳಲ್ವೇನವ್ವಾ? ಇದನ್ನ ನಿಮ್ಮಪ್ಪನ ಹತ್ರಾನೇ ತಗೊಂಡಿದ್ದು. ಬಿಳಿಗೆರೆಯೋರೆಲ್ಲಾ ಅವನ ಹತ್ರಾನೇ ತಗೋತಿದ್ರು."

ಉಜ್ವಲ್ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ.

"ನಿಜವಾ?"

"ಹೂಂ... ಹೇಳ್ಬೇಕು ಅಂತ ದಿನಾ ಅನ್ಕೊತಿದ್ದೆ..."

"ಅಪ್ಪನ ಪಾಪ ತೊಳ್ಕೊಳ್ಳೋಕೆ ನನ್ನ ಪ್ರೀತಿಸಿದ್ಯಾ?"

ಉತ್ತರಕ್ಕೂ ಕಾಯದೆ ಹೊರಟುಹೋದ.

ನಾಲ್ಕು ತಿಂಗಳು ಅವಳು ಒಬ್ಬಳೇ ತಿರುಗಿದಳು. ತುರುವೇಕೆರೆಯಲ್ಲಿ ಒಬ್ಬರು, "ಕೊಂದೋರ ಮಗಳು," ಎಂದು ಬಾಗಿಲು ಹಾಕಿಕೊಂಡರು. ಅವಳು ಮುಂದಿನ ಮನೆಯ ಬಾಗಿಲು ತಟ್ಟಿದಳು.

ಒಂದು ಮಧ್ಯಾಹ್ನ ತನ್ನ ಮನೆಯ ಹಿತ್ತಲಲ್ಲಿ ವೈರು ಕತ್ತರಿಸುತ್ತಾ ಕೂತಿದ್ದಾಗ ಗೇಟು ಸದ್ದಾಯಿತು. ಉಜ್ವಲ್! ತುಂಬಾ ಬಡವಾಗಿದ್ದ.

"ಒಂದ್ ಮಾತು ಹೇಳ್ಬೇಕು. ಆಮೇಲೆ ಹೋಗು ಅಂದ್ರೆ ಹೋಗ್ತೀನಿ." ಅವನು ಗೇಟು ಹಿಡಿದೇ ನಿಂತಿದ್ದ. "ಅವತ್ತು ಸ್ವಿಚ್ ಹಾಕಿದ್ದು ನಾನು, ಇಂಪನಾ. ಅವ್ವಂಗೆ ಹೇಳ್ದೇನೇ ಫೋನಲ್ಲಿ ಮಾತಾಡ್ತಾ ಆಚೆ ಹೋದೆ. ಅವ್ವ ಬಕೆಟ್ಟಿಗೆ ಕೈ ಹಾಕಿದ್ಲು..."

ಅವಳು ವೈರು ಕೆಳಗಿಟ್ಟಳು.

"ಯಾರಿಗೂ ಹೇಳಿಲ್ಲ. ನಿಮ್ಮಪ್ಪನ ಹೆಸರು ಕೇಳಿದ ತಕ್ಷಣ ಎಲ್ಲಾ ಅವರ ತಲೆಗೆ ಕಟ್ಟಿದೆ. ಹಗುರಾಗುತ್ತೆ ಅನ್ಕೊಂಡೆ... ಆಗ್ಲಿಲ್ಲ."

*ನಿನ್ನ ತಪ್ಪಲ್ಲ* ಎನ್ನಬಹುದಿತ್ತು. ಅವಳು ಸುಳ್ಳು ಹೇಳಲಿಲ್ಲ.

"ಅಪ್ಪಂದೂ ತಪ್ಪೇ, ಉಜ್ವಲ್."

"ನಂದೂ."

"ಹೂಂ." ಅವಳು ಬಿಕ್ಕಿದಳು. "ಆದ್ರೆ ಪಾಪ ತೊಳ್ಕೊಳ್ಳೋಕೆ ನಿನ್ನ ಹತ್ರ ಬರ್ಲಿಲ್ಲ ಕಣೋ. ಕೆಲಸ ಇಲ್ಲದ ದಿನಾನೂ ನಿನ್ನ ದನಿ ಕೇಳ್ಬೋದು ಅಂತ ಬಿಳಿಗೆರೆ ಕಡೆ ಸುತ್ತಾಡ್ಕೊಂಡು ಬರ್ತಿದ್ದೆ."

ಅವನು ಅವಳ ಪಕ್ಕ ನೆಲದ ಮೇಲೆ ಕೂತ. ಎಷ್ಟೋ ಹೊತ್ತು ಇಬ್ಬರೂ ಅತ್ತರು.

"ನಂಗೆ ನಿದ್ದೆ ಬರಲ್ಲ ಇಂಪನಾ. ನೀನು ಜೊತೇಲಿದ್ರೂ ಬರ್ದೇ ಇರ್ಬೋದು."

"ನಂಗೂ ಬರಲ್ಲ."

"ಹಂಗಾದ್ರೆ?"

ಅವಳು ಅವನ ಒರಟು ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಇಬ್ರೂ ಎಚ್ಚರವಾಗೇ ಇರಾಣ, ಬುಡು."