ಹದಿನೇಳನೇ ನಿಮಿಷದಲ್ಲಿ ನಿಂತ ಹಾಡು

"ಇಲ್ಲಿ ಯಾರಾದ್ರೂ ಕೂತ್ಕೊಳ್ತಾರಾ?"

ಮಾನಸಿ ಕೇಳಿದ್ದು ಇಷ್ಟೇ. ಆದರೆ ಸ್ಪೀಕರಿನ ಹಿಂದೆ ಬಗ್ಗಿ ವೈರು ಜೋಡಿಸುತ್ತಿದ್ದವನ ಕೈ ಅಲ್ಲೇ ನಿಂತುಬಿಟ್ಟಿತು.

ಅವನು ಕೂಡಲೇ ತಿರುಗಲಿಲ್ಲ. ಯಾವುದೋ ಹಳೇ ಸದ್ದನ್ನು ನೆನಪು ಮಾಡಿಕೊಳ್ಳುವವನಂತೆ ತಲೆ ವಾಲಿಸಿದ. ಆಮೇಲೆ ಎದ್ದು ಅವಳ ಮುಖ ನೋಡಿದ.

"ಕೂಡ್ರಿ" ಅಂದ.

ಮಾನಸಿ ಗಾಬರಿಯಾದಳು. ಇವನಿಗೆ ನಾನು ಯಾರು ಅಂತ ಗೊತ್ತಾಯಿತಾ? ಹೇಗೆ ಗೊತ್ತಾಗಲು ಸಾಧ್ಯ? ಇಲ್ಲಿ ಯಾರಿಗೂ ನನ್ನ ಮುಖದ ಪರಿಚಯವೇ ಇಲ್ಲವಲ್ಲ...

ಕುರ್ಚಿಯ ತುದಿಯಲ್ಲಿ ಕೂತಳು. ಬ್ಯಾಗನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದುಕೊಂಡಳು.

ಅದು ಠಾಕುರ್ಲಿ ಸ್ಟೇಶನ್ನಿನಿಂದ ಹತ್ತು ನಿಮಿಷದ ದೂರದಲ್ಲಿದ್ದ ಒಂದು ಗೋಡೌನು. ಲಗ್ನಕ್ಕೆ, ಗಣಪತಿಗೆ ಸೌಂಡ್ ಬಾಡಿಗೆ ಕೊಡುವ ಆಕಾಶನದು; ವೈರು ಜೋಡಿಸುತ್ತಿದ್ದವನು ಅವನೇ. ವಾರವಿಡೀ ಅಲ್ಲಿ ಸ್ಪೀಕರು, ಆಂಪ್ಲಿಫೈಯರು. ಭಾನುವಾರ ಮಧ್ಯಾಹ್ನ ಮಾತ್ರ ಹದಿನೈದು ಪ್ಲಾಸ್ಟಿಕ್ ಕುರ್ಚಿಗಳು, ಮತ್ತು ಒಂದು ಬ್ಯಾಂಡಿನ ಹುಚ್ಚು ಹಿಡಿಸಿಕೊಂಡ ಹದಿನೈದು ಜನ.

ಬ್ಯಾಂಡಿನ ಹೆಸರು 'ಸೆಕ್ಟರ್ ಇಪ್ಪತ್ತೊಂದು'. ನೆರೂಳಿನ ನಾಲ್ಕು ಹುಡುಗರು. ಒಂದೇ ಹಾಡನ್ನು ಒಂದು ದಿನ ಆರು ನಿಮಿಷ, ಇನ್ನೊಂದು ದಿನ ಇಪ್ಪತ್ತಾರು ನಿಮಿಷ ನುಡಿಸುತ್ತಿದ್ದರು. ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಅವರಿಗೇ ಗೊತ್ತಿರುತ್ತಿರಲಿಲ್ಲ. ಅದಕ್ಕೇ ಅಭಿಮಾನಿಗಳಿಗೆ ಪ್ರತಿ ಕಾರ್ಯಕ್ರಮದ ರೆಕಾರ್ಡಿಂಗೂ ಬೇಕು. ಒಟ್ಟು ಅರವತ್ತೆರಡು ಕಾರ್ಯಕ್ರಮ, ಎಲ್ಲವನ್ನೂ ರೆಕಾರ್ಡ್ ಮಾಡಿದವನು ಆಕಾಶ. ವಾರಕ್ಕೊಂದರಂತೆ ಮೊದಲಿನಿಂದ ಕೇಳುತ್ತ ಬಂದು ಇವತ್ತು ನಲವತ್ತೊಂದನೆಯದಕ್ಕೆ ತಲುಪಿದ್ದರು.

ಕೇಳುವಾಗ ಯಾರೂ ಮಾತಾಡುವಂತಿಲ್ಲ. ಮೊಬೈಲುಗಳೆಲ್ಲ ಸ್ಟೀಲ್ ಡಬ್ಬಿಗೆ. ಮುಗಿದ ಮೇಲೆ ಒಬ್ಬೊಬ್ಬರು ಒಂದೊಂದು ಮಾತು.

"ಆಕಾಶ್ ಭಾಯ್ದು ಇನ್ನೊಂದು ರೂಲ್ ಇದೆ" ಅಂದಳು ಪಕ್ಕದ ಕುರ್ಚಿಯ ದಿಶಾ, ಸಾನಪಾಡಾದ ಹುಡುಗಿ. "ಶೋ ಟೈಮಲ್ಲಿ ಕ್ಲ್ಯಾಪ್ ಹೊಡೆಯಲ್ಲ, ಹಾಡಲ್ಲ, ಕೆಮ್ಮೋದೂ ಇಲ್ಲ. ಸಿಕ್ಸ್ಟಿ ಟೂ ಶೋ... ಒಂದ್ರಲ್ಲೂ ಇವರ ಆವಾಜ್ ಇಲ್ಲ ಯಾರ್."

ಗಿಟಾರು ಶುರುವಾಯಿತು. ಮಾನಸಿ ಕಣ್ಣು ಮುಚ್ಚಿದಳು.

ಅದು ಅವಳ ಅಣ್ಣ ಸುಜನನ ಗಿಟಾರು. ಏಳು ವರ್ಷದಿಂದ ಅವಳು ಕೇಳದೆ ಉಳಿದಿದ್ದ ಗಿಟಾರು.

ಮುಗಿದ ಮೇಲೆ ಮಾತು ಸುತ್ತಿ ಸುತ್ತಿ ಕೊನೆಯ ಕಾರ್ಯಕ್ರಮಕ್ಕೇ ಬಂತು. ಡೊಂಬಿವಲಿಯ ಸಭಾಗೃಹ. ಬ್ಯಾಂಡನ್ನು ಕೇಳಿ ಆರಿಸಲು ಒಂದು ಮ್ಯೂಸಿಕ್ ಕಂಪನಿಯವರು ಬಂದಿದ್ದ ದಿನ. 'ಖಾಡಿಯ ಆಚೆ', ಅಂದರೆ ಹಿನ್ನೀರಿನ ಆಚೆ, ಅನ್ನುವ ಹಾಡು ಹದಿನೇಳನೇ ನಿಮಿಷದಲ್ಲಿ ಫಕ್ಕನೆ ನಿಂತಿತು. ಗಿಟಾರು ಕೆಳಗಿಟ್ಟು ಹೋದ ಸುಜನ್ ಮತ್ತೆ ಯಾವತ್ತೂ ನುಡಿಸಲಿಲ್ಲ. ಬ್ಯಾಂಡೇ ಉಳಿಯಲಿಲ್ಲ.

"ಯಾವಳೋ ಹುಡುಗಿ ಸ್ಟೇಜ್ ಹತ್ತಿ ಕಿವೀಲಿ ಏನೋ ಹೇಳಿದ್ಲು, ಮುಖ ಸರೀ ಕಾಣ್ಲಿಲ್ಲ" ಅಂದಳು ದಿಶಾ. "ಗರ್ಲ್‌ಫ್ರೆಂಡ್ ಇರ್ಬೇಕು. ಸಿಗಲಿ, ಕೇಳ್ತೀನಿ, ಯಾಕೆ ಎಲ್ಲಾ ಬರ್ಬಾದ್ ಮಾಡಿದೆ ಅಂತ."

ಮಾನಸಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಇದ್ದಳು.

ಆ ಹುಡುಗಿ ಅವಳೇ.

ಅಂದು ಸಾನಪಾಡಾದ ತಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ಅಪ್ಪ ವಸಂತಕುಮಾರ ಎದೆ ಹಿಡಿದುಕೊಂಡು ಕುಸಿದಿದ್ದರು. ಅಮ್ಮ ಫೋನು ಮಾಡಿ, "ಸುಜನ್‌ಗೆ ಈಗ ಹೇಳ್ಬೇಡ, ಹಾಡು ಮುಗೀಲಿ" ಅಂದಿದ್ದರು. ಮಾನಸಿಗೆ ತಡೆಯಲಾಗಲಿಲ್ಲ. ಅಪ್ಪ ಅಣ್ಣನ ಮುಖ ನೋಡದೇ ಹೋಗಿಬಿಟ್ಟರೆ? ಆ ಒಂದು ಹೆದರಿಕೆಯಲ್ಲಿ ಸ್ಟೇಜು ಹತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಅಂದಿದ್ದು... ಅಸಿಡಿಟಿ.

ಅಪ್ಪ ಮರುದಿನವೇ ಮನೆಗೆ ಬಂದರು. ಕಂಪನಿಯವರು ಮಾತ್ರ ಮತ್ತೆ ಬರಲಿಲ್ಲ. ಸುಜನ್ ಒಂದು ಮಾತೂ ಬಯ್ಯಲಿಲ್ಲ. ವರ್ಷ ಕಳೆಯುವುದರೊಳಗೆ ಮಸ್ಕತ್ತಿನ ಹೋಟೆಲಿಗೆ ಮ್ಯಾನೇಜರಾಗಿ ಹೋದ. ಫೋನಿನಲ್ಲಿ ಸೆಖೆಯ ಬಗ್ಗೆ, ಊಟದ ಬಗ್ಗೆ ಮಾತಾಡುತ್ತಾನೆ. ಅಷ್ಟೇ.

ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು!

ಮಾನಸಿ ಠಾಕುರ್ಲಿಗೆ ಬಂದದ್ದು ಒಂದೇ ಉದ್ದೇಶಕ್ಕೆ. ಕೊನೆಯ ರೆಕಾರ್ಡಿಂಗಿನಲ್ಲಿ ತನ್ನ ದನಿ ಇದೆಯಾ? ಇದ್ದರೆ ಅದನ್ನು ಅಳಿಸಿಹಾಕಬೇಕು.

ಆದರೆ ಆಕಾಶ ಅಡ್ಡ ಬಂದ.

ಅಡ್ಡ ಬಂದ ಅಂದರೆ ಜಗಳವೇನೂ ಅಲ್ಲ. ಮೂರನೇ ವಾರ ಅವಳ ಜೊತೆ ಸ್ಟೇಶನ್ನಿನವರೆಗೆ ನಡೆದು ಬಂದ. ಐದನೇ ವಾರ ಅವಳಿಗೆಂದೇ ಸಕ್ಕರೆ ಕಡಿಮೆ ಹಾಕಿದ ಚಹಾ ತರಿಸಿದ. ಅಪ್ಪ ಮಹಾದೇವಪ್ಪ ಕಲಬುರಗಿಯಿಂದ ಬಂದು ಕಟ್ಟಡಗಳಿಗೆ ಸ್ಲ್ಯಾಬ್ ಹಾಕುತ್ತಿದ್ದದ್ದು, ತಾನು ಹದಿನಾರಕ್ಕೇ ಸ್ಪೀಕರು ಹೊತ್ತದ್ದು, ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಹೇಳಿದ. ಅವನದು ಕಡಿಮೆ ಮಾತು. ಕೇಳುವುದರಲ್ಲಿ ಮಾತ್ರ ಅವನಂಥವನಿಲ್ಲ. ಅವಳು ಆಫೀಸಿನ ಸಣ್ಣ ಬೇಜಾರು ಹೇಳಿದರೂ ಪೂರ್ತಿ ಕೇಳುತ್ತಿದ್ದ.

ಠಾಣೆಯಲ್ಲಿ ಇಳಿದು ನೆರೂಳಿನ ಗಾಡಿ ಹತ್ತುವಾಗಲೆಲ್ಲ ಮಾನಸಿಗೆ ನಗು ಬರುತ್ತಿತ್ತು. ನೆರೂಳು ತಲುಪುವಷ್ಟರಲ್ಲಿ ಅದೇ ನಗು ಹೆದರಿಕೆಯಾಗುತ್ತಿತ್ತು.

ನಲವತ್ತೆಂಟು... ಐವತ್ತೈದು... ಅರವತ್ತು.

ಗೊತ್ತಾದ ದಿನ ಇವನೂ ನನ್ನ ಜೊತೆ ಸೆಖೆಯ ಬಗ್ಗೆ ಮಾತ್ರ ಮಾತಾಡುತ್ತಾನೆ.

ಅರವತ್ತೊಂದು ಮುಗಿದ ಭಾನುವಾರ, ರೆಕಾರ್ಡಿಂಗುಗಳ ಪೆಟ್ಟಿಗೆ ಜೋಡಿಸುತ್ತಿದ್ದ ದಿಶಾ ಕೂಗಿದಳು. "ಅರೆ, ಕೊನೇ ಶೋದ್ದು ಎರಡು ಮೆಮೊರಿ ಕಾರ್ಡ್ ಇದೆ! ಒಂದು ಸೌಂಡ್ ಮಿಕ್ಸರ್‌ದು, ನಾವೆಲ್ಲ ಮೊದ್ಲೇ ಕೇಳಿರೋದು. ಇದೇನಿದು, 'ಮೆಟ್ಟಿಲ ಬಾಜೂ' ಅಂತ ಬರೆದಿದೆ?"

ಆಕಾಶನ ಮುಖದ ಬಣ್ಣವೇ ಹೋಯಿತು. "ಅದು... ಜನರ ಸದ್ದು ಬೇಕಂತ ಸಣ್ಣ ರೆಕಾರ್ಡರ್ ಸ್ಟೇಜಿನ ಮೆಟ್ಟಿಲ ಹತ್ರ ಇಟ್ಟಿದ್ದೆ. ಕೆಟ್ಟದ ಅದು."

"ಕೆಟ್ಟಿದ್ರೂ ನಡೀತದೆ. ಮುಂದಿನ ವಾರ ಇದನ್ನೇ ಕೇಳೋಣ. ಆ ಹುಡುಗಿ ಏನು ಹೇಳಿದ್ಲು ಅಂತ ಗೊತ್ತಾಗ್ತದೆ."

ಎಲ್ಲರೂ ಹೂಂ ಅಂದರು. ಮಾನಸಿಗೆ ಕಿವಿಯಲ್ಲಿ ಗುಂಯ್ ಅನ್ನುವುದು ಬಿಟ್ಟರೆ ಏನೂ ಕೇಳಲಿಲ್ಲ.

ಶನಿವಾರ ಮಧ್ಯಾಹ್ನ ಅವಳು ಗೋಡೌನಿಗೆ ಬಂದಾಗ ಶಟರು ತೆರೆದೇ ಇತ್ತು. ಒಳಗೆ ಯಾರೂ ಇರಲಿಲ್ಲ. ಪೆಟ್ಟಿಗೆಯಲ್ಲಿ ಆ ಕಾರ್ಡು ಎಲ್ಲಕ್ಕಿಂತ ಮೇಲೇ ಇತ್ತು. ಎತ್ತಿ ಮುಷ್ಟಿಯಲ್ಲಿ ಹಿಡಿದಳು.

ಇಷ್ಟೇ. ಮುರಿದು ರೈಲಿನಿಂದ ಖಾಡಿಯ ನೀರಿಗೆ ಎಸೆದರೆ ಮುಗಿಯಿತು.

"ಮಾನಸಿ ಅವ್ರ..."

ಬಾಗಿಲಲ್ಲಿ ಆಕಾಶ. ಭುಜದ ಮೇಲೆ ವೈರಿನ ಸುರುಳಿ. ಅವಳ ಮುಷ್ಟಿಯನ್ನೇ ನೋಡುತ್ತಿದ್ದ.

ಇನ್ನು ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಸುಜನ್ ನನ್ನ ಅಣ್ಣ" ಅಂದಳು. "ಸ್ಟೇಜ್ ಹತ್ತಿದ್ದು ನಾನೇ. ಅಪ್ಪನಿಗೆ ಹಾರ್ಟ್ ಅಟ್ಯಾಕ್ ಅಂತ ಹೆದರಿ... ಅದು ಬರೀ ಅಸಿಡಿಟಿ ಆಗಿತ್ತು. ನನ್ನಿಂದ ಎಲ್ಲ ಹಾಳಾಯ್ತು."

ಆಕಾಶ ವೈರನ್ನು ಕೆಳಗಿಟ್ಟ.

"ಗೊತ್ತದರಿ" ಅಂದ. "ಮೊದಲ್ನೇ ದಿನಾನಽ ಗೊತ್ತಾತು."

"ಎಂತ?"

"ಇಲ್ಲಿ ಯಾರಾದ್ರೂ ಕೂತ್ಕೊಳ್ತಾರಾ ಅಂತ ಕೇಳಿದ್ರಲ್ಲ. ಆವತ್ತೇ."

ಇಪ್ಪತ್ತೊಂದು ವಾರ! ಇಷ್ಟು ದಿನ ಇವನಿಗೆ ಗೊತ್ತಿತ್ತು. ಚಹಾ ತರಿಸುವಾಗ, ಸ್ಟೇಶನ್ನಿಗೆ ನಡೆಯುವಾಗ, ದಿಶಾ ಬಯ್ಯುತ್ತಿದ್ದದ್ದನ್ನು ನಾನು ತಲೆ ತಗ್ಗಿಸಿ ಕೇಳುವಾಗ...

"ಗೊತ್ತಿದ್ದೂ ಸುಮ್ಮನೆ ನೋಡ್ತಾ ಇದ್ರಾ? ನಾನು ಹೆದರಿ ಸಾಯೋದನ್ನ?"

"ಹಂಗಲ್ಲರಿ... ನಾ ಹೇಳಬೇಕಂತನಽ..." ಅವನಿಗೆ ಮಾತು ಮುಂದೆ ಹೋಗಲಿಲ್ಲ. ಕೇಳುವುದರಲ್ಲಿ ಜಾಣನಾದವನಿಗೆ ಹೇಳುವುದು ಬರಬೇಕಲ್ಲ!

ಮಾನಸಿ ಕಾರ್ಡನ್ನು ಮೇಜಿನ ಮೇಲಿಟ್ಟಳು. "ನಾಳೆ ಹಾಕಿ. ಎಲ್ಲರೂ ಕೇಳಲಿ."

ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡಳು. ಹೊರಗೆ ಅಪ್ಪ ಟಿವಿ ನೋಡುತ್ತ ಆರಾಮವಾಗಿ ಚಕ್ಕುಲಿ ತಿನ್ನುವ ಸದ್ದು ಕೇಳುತ್ತಿತ್ತು. ಆ ಸದ್ದಿಗೆ ಅಳು ಇನ್ನೂ ಜಾಸ್ತಿಯಾಯಿತು.

ಸಂಜೆ ಮೊಬೈಲಿಗೆ ಆಕಾಶನ ವಾಯ್ಸ್ ಮೆಸೇಜು ಬಂತು. ಅವನು ಯಾವತ್ತೂ ಕಳಿಸಿದವನಲ್ಲ.

"ನಾಳೆ ಬರ್ರಿ. ನಿಮ್ ಸಲುವಾಗಿ ಅಲ್ಲ... ನನ್ ಸಲುವಾಗಿ."

ಅವಳು ಅದನ್ನು ಒಂಬತ್ತು ಸಲ ಕೇಳಿದಳು. ಆ ದನಿಯಲ್ಲೂ ಹೆದರಿಕೆಯಿತ್ತು. ಇವನಿಗೇತರ ಹೆದರಿಕೆ?

ಭಾನುವಾರ ಅವಳು ತಲುಪುವಷ್ಟರಲ್ಲಿ ರೆಕಾರ್ಡಿಂಗ್ ಶುರುವಾಗಿತ್ತು. ಹಿಂದೆ ಒಂದು ಕುರ್ಚಿ ಖಾಲಿಯಿತ್ತು. ಓಡಿಹೋಗಲು ಅನುಕೂಲವಾಗಲೆಂದು ಬಾಗಿಲ ಪಕ್ಕದ ಆ ಕುರ್ಚಿಯಲ್ಲೇ ಕೂತಳು.

'ಖಾಡಿಯ ಆಚೆ' ಶುರುವಾಯಿತು. ಹತ್ತು ನಿಮಿಷ. ಹದಿಮೂರು. ಅಣ್ಣನ ಗಿಟಾರು ಮೇಲಕ್ಕೆ ಏರುತ್ತ ಹೋಯಿತು.

ಹದಿನಾರು.

ಗಿಟಾರಿನ ಸದ್ದಿಗಿಂತ ಹತ್ತಿರದಲ್ಲಿ ಒಂದು ಹೆಣ್ಣುದನಿ ಬಿಕ್ಕಿತು. "ಅಪ್ಪ ಬಿದ್ದಿದ್ದಾರೆ... ಅಣ್ಣನಿಗೆ ಹೇಳ್ಬೇಕು... ಹೇಳ್ಬಾರ್ದಂತೆ... ನಾನೆಂತ ಮಾಡ್ಲಿ..."

ದಿಶಾ ಸರಕ್ಕನೆ ಹಿಂದಕ್ಕೆ ತಿರುಗಿ ಮಾನಸಿಯನ್ನು ನೋಡಿದಳು. ಇಪ್ಪತ್ತೊಂದು ವಾರ ಪಕ್ಕದಲ್ಲಿ ಕೂತವಳ ದನಿ ಗೊತ್ತಾಗದಿರುತ್ತದೆಯೇ?

ಮಾನಸಿ ಎದ್ದು ನಿಂತಳು. ಹೋಗಿಬಿಡಬೇಕು, ಈಗಲೇ...

ಆಗ ರೆಕಾರ್ಡಿಂಗಿನಲ್ಲಿ ಇನ್ನೊಂದು ದನಿ ಕೇಳಿತು. ಗಂಡಸಿನದು. ತೀರಾ ಹತ್ತಿರದ್ದು.

"ಅಳಬ್ಯಾಡ್ರಿ. ಹೋಗ್ರಿ ಮ್ಯಾಲ, ಹೇಳ್ರಿ. ಹಾಡು ನಾಳೆನೂ ಹಾಡಬಹುದು. ಹಗ್ಗ ಎತ್ತೇನಿ... ಹೋಗ್ರಿ."

ಹೆಜ್ಜೆ ಸಪ್ಪಳ. ಗಿಟಾರು ನಿಂತಿತು. ಹದಿನೇಳನೇ ನಿಮಿಷ.

ಎಲ್ಲರೂ ನೋಡುತ್ತಿದ್ದದ್ದು ಆಕಾಶನನ್ನು. ಅರವತ್ತೆರಡು ಕಾರ್ಯಕ್ರಮದಲ್ಲಿ ಒಮ್ಮೆಯೂ ಕೆಮ್ಮದವನನ್ನು.

"ನಾನಽ ಕಳಿಸ್ದೆ" ಅಂದ ಆಕಾಶ. ಅವನ ಕಣ್ಣು ನೆಲದ ಮೇಲಿತ್ತು. "ಹಾಡು ನಿಲ್ಸಿದಾಂವ ನಾ. ಇವರನ್ನ ಯಾರೂ ಏನೂ ಅನಬ್ಯಾಡ್ರಿ."

ಮಾನಸಿಗೆ ನೆನಪಾಯಿತು. ಕತ್ತಲು, ಅಡ್ಡ ಕಟ್ಟಿದ್ದ ಹಗ್ಗ, ಅದನ್ನು ಎತ್ತಿ ಹಿಡಿದ ಒಂದು ಕೈ. ಅಂದಿನಿಂದ ಅವಳು ಆ ಕೈಯನ್ನು ಮರೆತೇಬಿಟ್ಟಿದ್ದಳು. ಮಾಡಿದ್ದೆಲ್ಲ ತಾನೊಬ್ಬಳೇ ಅಂದುಕೊಂಡಿದ್ದಳು.

"ಆ ಹುಡುಗಿ ನಾನೇ" ಅಂದಳು. "ಸುಜನ್ ತಂಗಿ. ಅಪ್ಪನಿಗೆ ಏನೂ ಆಗಿರ್ಲಿಲ್ಲ. ಅಸಿಡಿಟಿ ಅಷ್ಟೇ. ದಯವಿಟ್ಟು ಕ್ಷಮಿಸಿ."

ಮುಂದಿನ ಸಾಲಿನಲ್ಲಿದ್ದ ಶ್ರೀಮತಿ ಆಂಟಿ ಕನ್ನಡಕ ತೆಗೆದರು. ನಿವೃತ್ತ ಟೀಚರು, ಯಾವತ್ತೂ ಹೆಚ್ಚು ಮಾತಾಡಿದವರಲ್ಲ.

"ನಮ್ಮ ಮನೆಯವರಿಗೂ ಅಸಿಡಿಟಿ ಅಂತಲೇ ಅಂದ್ಕೊಂಡ್ವಿ" ಅಂದರು. "ಮಗನಿಗೆ ಎಕ್ಸಾಮ್ ಇತ್ತು. ಮುಗೀಲಿ, ಆಮೇಲೆ ಹೇಳೋಣ ಅಂತ ಕಾದೆ. ಅವನು ಬರೋ ಹೊತ್ತಿಗೆ ಇವರಿರಲಿಲ್ಲ." ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ನೀನು ಸರಿಯಾಗೇ ಮಾಡಿದೆ ಕಣಮ್ಮಾ."

ದಿಶಾ ಕಣ್ಣೊರೆಸಿಕೊಳ್ಳುತ್ತ ಎದ್ದು ಬಂದವಳು ಮಾನಸಿಯನ್ನು ತಬ್ಬಿಕೊಂಡಳು. "ಸಾರಿ ಯಾರ್... ಏನೇನೋ ಅಂದ್ಬಿಟ್ಟೆ."

ಮಾನಸಿ ಅತ್ತಳು. ಏಳು ವರ್ಷದ ಅಳು, ಬೇಗ ಮುಗಿಯಲಿಲ್ಲ.

ಎಲ್ಲರೂ ಹೋದ ಮೇಲೆ ಆಕಾಶ ಕುರ್ಚಿಗಳನ್ನು ಒಂದರ ಮೇಲೊಂದು ಇಡುತ್ತಿದ್ದ. ಎರಡು ಕುರ್ಚಿ ಉಳಿದವು. ಅವನ್ನು ಎತ್ತಲಿಲ್ಲ.

"ನಿಮಗೇತಕ್ಕೆ ಹೆದರಿಕೆ ಆಗಿತ್ತು?" ಮಾನಸಿ ಕೇಳಿದಳು.

"ಹಾಡು ನಾಳೆನೂ ಹಾಡಬಹುದು ಅಂದಿದ್ದೆ. ಆ ನಾಳೆ ಬರಲೇ ಇಲ್ಲಲ್ರಿ. ನೀವು ಈ ಗೋಡೌನಿಗೆ ಬಂದು ಮಾತಾಡಿದ ಕೂಡ್ಲೇ ದನಿ ಗುರ್ತು ಸಿಕ್ತು. ಕಳಿಸಿದಾಂವ ಇವನೇ ಅಂತ ಗೊತ್ತಾದ್ರ ನೀವು ಹೊಳ್ಳಿ ಬರಂಗಿಲ್ಲ ಅಂತ..." ಕುರ್ಚಿಯೊಂದನ್ನು ಅವಳತ್ತ ಸರಿಸಿದ. "ನೀವು ಬರ್ಲಿಲ್ಲಂದ್ರ ನಂಗ ಆಗಂಗಿಲ್ಲರಿ. ನೀವಂದ್ರ ನಂಗ ಭಾಳ ಜೀವ."

ಮಾನಸಿಗೆ ಅಳುವೂ ಬಂತು, ನಗುವೂ ಬಂತು. "ನನಗೂ ಹಾಗೇ" ಅಂದಳು ಮೆಲ್ಲಗೆ. "ಪ್ರತಿ ವಾರ ನಾನು ಹಾಡು ಕೇಳ್ಲಿಕ್ಕೆ ಮಾತ್ರ ಬರ್ತಿದ್ದೆ ಅಂದ್ಕೊಂಡ್ರಾ?"

ಅವನು ಮೊದಲ ಸಲ ಹಲ್ಲು ಕಾಣುವಂತೆ ನಕ್ಕ.

ಅವಳು ಮೊಬೈಲು ತೆಗೆದಳು. ಅಣ್ಣನ ಹೆಸರಿನ ಮೇಲೆ ಬೆರಳಿಟ್ಟಳು, ಒತ್ತಲಿಲ್ಲ.

"ಅಣ್ಣನಿಗೂ ಇದನ್ನ ಕೇಳಿಸ್ಬೇಕು. ಏಳು ವರ್ಷದಿಂದ ನಾನು ಒಂದು ಸಲವೂ ಅವನ ಹತ್ರ ಕೇಳಿಲ್ಲ, ಸಿಟ್ಟು ಉಂಟಾ ಅಂತ. ಈಗ್ಲೂ ಹೆದರಿಕೆ ಆಗ್ತದೆ ಆಕಾಶ್."

"ಆಗ್ಲಿ" ಅಂದ ಅವನು. "ಹಚ್ರಿ ಫೋನ್."

ಅವಳು ಉಳಿದ ಎರಡು ಕುರ್ಚಿಗಳಲ್ಲಿ ಒಂದರಲ್ಲಿ ಕೂತಳು. ಅಣ್ಣನ ಹೆಸರು ಒತ್ತಿದಳು. ಮಸ್ಕತ್ತಿನಲ್ಲಿ ರಿಂಗು ಹೋಗತೊಡಗಿತು.

ಆಕಾಶ ಪಕ್ಕದ ಕುರ್ಚಿಯನ್ನು ಮುಟ್ಟಿ ಕೇಳಿದ.

"ಇಲ್ಲಿ ಯಾರಾದ್ರೂ ಕೂಡ್ತಾರೇನ್ರಿ?"

"ನೀವೇ" ಅಂದಳು ಮಾನಸಿ. "ಇನ್ನು ಯಾವಾಗ್ಲೂ ನೀವೇ."