ಪರೀಕ್ಷೆಯ ರಬ್ಬರ್ ತುಂಡು

ಸ್ಕ್ಯಾನಿಂಗ್ ಕೋಣೆಯಲ್ಲಿ ಜೆಲ್ ಹಚ್ಚಿ ಒರೆಸುವವಳು ನಾನು. ಆ ದಿನ ನನ್ನ ಬಸುರಿ ಅಕ್ಕನ ಹೊಟ್ಟೆಯ ಚಿತ್ರ ಮಬ್ಬಾಗಿ ಬಂತು.

"ಎದೆಬಡಿತ ಗೊತ್ತಾಗ್ತಿಲ್ಲ. ಮೆಷಿನ್ ಸರಿಮಾಡಿಸಿ ಈಗಲೇ ನೋಡೋಣ," ಎಂದರು ಡಾಕ್ಟರಮ್ಮ.

ರಿಪೇರಿಯವನು ಬಂದು, ಚಿತ್ರ ಪರೀಕ್ಷಿಸಲೆಂದೇ ಇರುವ ರಬ್ಬರ್ ತುಂಡಿನ ಮೇಲೆ, ಹೊಟ್ಟೆಯ ಮೇಲೆ ಆಡಿಸುವ ಪ್ರೋಬ್ ಇಟ್ಟ. ಪರದೆಯಲ್ಲಿ ಸಾಲುಚುಕ್ಕಿಗಳಷ್ಟೇ ಕಾಣಬೇಕಿತ್ತು. ನಡುವೆ ಏನೋ ಪಟಪಟ ಮಿಡಿಯುತ್ತಿತ್ತು.

"ಅಣ್ಣಾ, ಅದೇನು?" ಎಂದೆ.

"ಓಹೋ, ನಿಂಗೆ ಮಾತೂ ಬರುತ್ತಾ! ಹಳೇ ಮೆಷಿನ್ನಮ್ಮಾ, ಏನೇನೋ ತೋರಿಸುತ್ತೆ."

ಅವನು ಗುಂಡಿ ತಿರುಗಿಸಿ ಚಿತ್ರ ತಿಳಿಯಾಗಿಸಿದಷ್ಟೂ ಮಿಡಿತ ಸ್ಪಷ್ಟವಾಯಿತು.

ಮತ್ತೆ ಅಕ್ಕನನ್ನು ಮಲಗಿಸಿದರು. ಈ ಸಲ ಮಗುವಿನ ಬೆರಳುಗಳನ್ನೂ ಎಣಿಸಬಹುದಿತ್ತು. ಎದೆ ಮಾತ್ರ ಮಿಡಿಯಲಿಲ್ಲ.

ಎರಡು ವರ್ಷವಾಯಿತು. ಹೆದರುವುದಕ್ಕೂ ಈಗ ಸುಸ್ತು. ದಿನವೂ ಎ.ಸಿ. ಕೋಣೆಯ ತಣ್ಣನೆಯ ಸಾಮಾನುಗಳನ್ನೆಲ್ಲ ಒರೆಸಿಡುತ್ತೇನೆ. ಆ ರಬ್ಬರ್ ತುಂಡು ಮಾತ್ರ ಬೆಚ್ಚಗಿರುತ್ತದೆ.